ಹೆದ್ದಾರಿ ಪಕ್ಕದ ಊರಿನವರಿಗೆ: ರಸ್ತೆಯ ಅಂಚು ಕಾಯುವ ಕೆಲಸ

ಮಳವಳ್ಳಿಯಿಂದ ಮದ್ದೂರು, ಹುಲಿಯೂರುದುರ್ಗ, ಕುಣಿಗಲ್, ತುಮಕೂರು, ಕೊರಟಗೆರೆ, ಮಧುಗಿರಿ ಹಾದು ಪಾವಗಡಕ್ಕೆ ಹೋಗುವ ರಾಜ್ಯ ಹೆದ್ದಾರಿ 33ನ್ನೇ ತೆಗೆದುಕೊಳ್ಳಿ. ಮಂಡ್ಯದ ಕಡೆ ಕಬ್ಬಿನ ಗದ್ದೆ, ಕುಣಿಗಲ್ ಸುತ್ತ ರಾಗಿ ಹೊಲ, ಆಮೇಲೆ ತೆಂಗಿನ ತೋಟ, ಕೊನೆಗೆ ಕಡಲೆಕಾಯಿ ಬೆಳೆಯುವ ಒಣನೆಲ. ಬೆಳೆ ಬದಲಾದಂತೆ ರಸ್ತೆಯ ಮೇಲಿನ ತಾಪತ್ರಯವೂ ಬದಲಾಗುತ್ತದೆ. ಒಂದು ಕಡೆ ಜೋಡಿ ಟ್ರೇಲರ್ ಎಳೆದುಕೊಂಡು ಹೋಗುವ ಕಬ್ಬಿನ ಟ್ರಾಕ್ಟರ್, ಇನ್ನೊಂದು ಕಡೆ ರಸ್ತೆ ತುಂಬ ಹರವಿದ ರಾಗಿ ತೆನೆ. ರಸ್ತೆ ಕೆಡುವ ಬಗೆ ಮಾತ್ರ ಎಲ್ಲ ಊರಲ್ಲೂ ಒಂದೇ. ಅದು ನಡುವಿನ ಡಾಂಬರಿನಿಂದ ಕೆಡುವುದು ಕಡಿಮೆ, ಅಂಚಿನಿಂದ ಒಳಕ್ಕೆ ಕೆಡುತ್ತಾ ಬರುತ್ತದೆ. ಚರಂಡಿ ಮುಚ್ಚುತ್ತದೆ, ನೀರು ಡಾಂಬರಿನ ಪಕ್ಕ ನಿಲ್ಲುತ್ತದೆ, ಅಂಚು ಕುಸಿಯುತ್ತದೆ, ಗುಂಡಿ ಬೀಳುತ್ತದೆ, ಗುಂಡಿ ತಪ್ಪಿಸಲು ಹೋದ ಬೈಕು ಎದುರಿನ ಲಾರಿಗೆ ಸಿಗುತ್ತದೆ.

ಡಾಂಬರು ಹಾಕುವುದು ಇಲಾಖೆಯ ಕೆಲಸ. ಅಂಚು ಕೆಡಿಸುವುದೂ ಕಾಯುವುದೂ ಬಹುಪಾಲು ಪಕ್ಕದಲ್ಲಿ ಇರುವವರ ಕೈಯಲ್ಲಿದೆ. ಈ ಬರಹ ಊರಿನವರಿಗೆ, ರಸ್ತೆ ಬದಿಯ ಅಂಗಡಿಯವರಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ.

ಮೊದಲು ಕಲ್ಲು ನೋಡಿ

ದೂರು ಕೊಡುವ ಮುಂಚೆ ರಸ್ತೆ ಯಾರದ್ದು ಎಂದು ಗೊತ್ತಿರಬೇಕು. ಕಿಲೋಮೀಟರ್ ಕಲ್ಲಿನ ತಲೆಗೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಬಳಿದಿದ್ದರೆ ರಾಜ್ಯ ಹೆದ್ದಾರಿ. ಹಸಿರು ಕಲ್ಲಿನ ರಸ್ತೆಗೆ ಲೋಕೋಪಯೋಗಿ ಇಲಾಖೆಯೇ ದಿಕ್ಕು. ಕೆಲವು ಉದ್ದಗಳನ್ನು ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ ಅಥವಾ ಕೆಶಿಪ್ (ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ) ಯೋಜನೆಯಡಿ ಕಟ್ಟಿ ನಿರ್ವಹಿಸುತ್ತಾರೆ, ಅಂಥ ಕಡೆ ಬೋರ್ಡಿನಲ್ಲಿ ಹೆಸರಿರುತ್ತದೆ. ಊರೊಳಗಿನ ಅಡ್ಡರಸ್ತೆ ಪಂಚಾಯಿತಿಯದ್ದು ಅಥವಾ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. 1033 ಎಂಬ ಸಹಾಯವಾಣಿ ರಾಷ್ಟ್ರೀಯ ಹೆದ್ದಾರಿಗೆ ಮಾತ್ರ, ಅಲ್ಲಿ ರಾಜ್ಯ ಹೆದ್ದಾರಿಯ ಗುಂಡಿ ಹೇಳಿ ಪ್ರಯೋಜನವಿಲ್ಲ.

ಇಲ್ಲೊಂದು ಚಿಕ್ಕ ವಿಷಯ, ದೊಡ್ಡ ಗೊಂದಲ. ಅರ್ಜಿಯಲ್ಲಿ "ರಾ.ಹೆ." ಎಂದು ಬರೆಯಬೇಡಿ. ರಾಜ್ಯಕ್ಕೂ ರಾಷ್ಟ್ರೀಯಕ್ಕೂ ಮೊದಲಕ್ಷರ ಒಂದೇ. ಆ ಎರಡಕ್ಷರದ ದೆಸೆಯಿಂದ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತದೆ. "ರಾಜ್ಯ ಹೆದ್ದಾರಿ" ಎಂದು ಪೂರ್ತಿ ಬರೆಯಿರಿ. ನಂಬರೂ ಶಾಶ್ವತವಲ್ಲ. ಬೆಂಗಳೂರು–ಮೈಸೂರು ರಸ್ತೆ ಮೊದಲು ರಾಜ್ಯ ಹೆದ್ದಾರಿ 17 ಆಗಿತ್ತು, ಈಗ ರಾಷ್ಟ್ರೀಯ ಹೆದ್ದಾರಿ 275. ಹಾಗಾಗಿ ಹಳೇ ನೆನಪಿನ ಮೇಲೆ ಬರೆಯದೆ ಕಲ್ಲು ನೋಡಿ ಬರೆಯಿರಿ.

ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಪುಟ್ಟ ಕಲ್ಲು ಇರುತ್ತದೆ. ಅದರ ಮೇಲೆ 2, 4, 6, 8 ಎಂದು ಬರೆದಿರುತ್ತದೆ. 61ನೇ ಕಲ್ಲು ದಾಟಿ 4 ಎಂಬ ಪುಟ್ಟ ಕಲ್ಲಿನಿಂದ 50 ಹೆಜ್ಜೆ ಮುಂದೆ ಗುಂಡಿ ಇದ್ದರೆ, ದೊಡ್ಡವರ ಹೆಜ್ಜೆ ಸುಮಾರು ಮುಕ್ಕಾಲು ಮೀಟರ್ ಎಂದು ಹಿಡಿದರೆ, ಅದು "ಕಿ.ಮೀ. 61.440ರ ಹತ್ತಿರ". ಎಂಜಿನಿಯರ್‌ಗೆ ಅರ್ಥವಾಗುವ ವಿಳಾಸ ಇದೇ. "ಮಾರಮ್ಮನ ಗುಡಿ ಮುಂದೆ" ಎಂದರೆ ಊರಿನವರಿಗೆ ಗೊತ್ತು, ಎಸ್ಟಿಮೇಟ್ ಬರೆಯುವವರಿಗೆ ಗೊತ್ತಿಲ್ಲ. ಎರಡನ್ನೂ ಬರೆಯಿರಿ. ಕಲ್ಲು ಬಿದ್ದುಹೋಗಿದ್ದರೆ ಅದೇ ಮೊದಲನೇ ದೂರು.

ಮಳೆ ಬರುವಾಗ ಒಂದು ಸುತ್ತು

ರಸ್ತೆಯ ಕಾಯಿಲೆ ಬಿಸಿಲಲ್ಲಿ ಕಾಣುವುದಿಲ್ಲ. ಜೋರು ಮಳೆ ನಿಂತ ಅರ್ಧ ಗಂಟೆಯೊಳಗೆ ಊರಿನ ಒಂದು ಗಡಿಯಿಂದ ಇನ್ನೊಂದು ಗಡಿಗೆ ನಡೆಯಿರಿ. ಇಬ್ಬರು ಹೋಗಿ, ಎದುರಿನಿಂದ ಬರುವ ಗಾಡಿ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ಕೈಯಲ್ಲಿ ಸೀಮೆಸುಣ್ಣ, 5 ಮೀಟರ್ ಟೇಪು, ಫೋನು ಸಾಕು.

ಹಳ್ಳಿಗಾಡಿನ ದ್ವಿಪಥ ರಸ್ತೆಯಲ್ಲಿ ಡಾಂಬರಿನ ಅಗಲ 7 ಮೀಟರ್ ಇರಬೇಕು. ಒಂಟಿ ಪಥಕ್ಕೆ 3.75, ನಡುವಿನ ಅಳತೆಗೆ 5.5. ರಸ್ತೆ ಚಪ್ಪಟೆ ಇರುವುದಿಲ್ಲ, ನಡುಬೆನ್ನು ಎತ್ತರ, ಅಂಚು ತಗ್ಗು. ಇದಕ್ಕೆ ಕ್ಯಾಂಬರ್ ಎನ್ನುತ್ತಾರೆ. 7 ಮೀಟರ್ ರಸ್ತೆಯಲ್ಲಿ ನಡುವಿಗೂ ಅಂಚಿಗೂ 3.5 ಮೀಟರ್, ಶೇ 2ರ ಇಳಿಜಾರಾದರೆ 7 ಸೆಂಟಿಮೀಟರ್ ತಗ್ಗು, ಶೇ 2.5 ಆದರೆ ಸುಮಾರು 9. ಗಾರೆಯವರ ಹತ್ತಿರ ಇರುವ ಲೆವೆಲ್ ಟ್ಯೂಬಿನಿಂದ ಇದನ್ನು ಅಳೆಯಬಹುದು. ಆದರೆ ಗಾಡಿ ಓಡುವಾಗ ನಡುರಸ್ತೆಗೆ ಇಳಿಯಬೇಡಿ, ಇಲಾಖೆಯವರು ಕೆಲಸಕ್ಕೆ ರಸ್ತೆ ತಡೆದಾಗ ಅಳೆಯಿಸಿ. ತಿರುವಿನಲ್ಲಿ ಈ ಲೆಕ್ಕ ಹಿಡಿಯಬೇಡಿ, ಅಲ್ಲಿ ಇಡೀ ರಸ್ತೆ ಒಂದೇ ಕಡೆಗೆ ವಾಲಿರುತ್ತದೆ, ಅದು ಬೇಕೆಂದೇ ಮಾಡಿದ್ದು.

ನಡೆಯುವಾಗ ನೋಡಬೇಕಾದ್ದು ನೀರು ಎಲ್ಲಿ ನಿಂತಿದೆ ಎಂಬುದೊಂದೇ ಅಲ್ಲ, ಯಾಕೆ ನಿಂತಿದೆ ಎಂಬುದು. ಸಾಮಾನ್ಯ ಕಾರಣ ನಾಲ್ಕು.

ಮೊದಲನೆಯದು, ಪಕ್ಕದ ಮಣ್ಣು ಡಾಂಬರಿಗಿಂತ ಎತ್ತರವಾಗಿರುವುದು. ವರ್ಷಾನುವರ್ಷ ಧೂಳು ಕೂತು ಹುಲ್ಲು ಬೆಳೆದು ಅಂಚಿನಲ್ಲಿ ಬದು ಕಟ್ಟಿದಂತಾಗುತ್ತದೆ. ಮಳೆನೀರು ಚರಂಡಿಗೆ ಇಳಿಯಲಾರದೆ ಡಾಂಬರಿನ ಅಂಚಿನ ಉದ್ದಕ್ಕೂ ಹರಿಯುತ್ತದೆ. ಇದಕ್ಕೆ ಮದ್ದು ಸುಲಭ. ಪ್ರತಿ 10 ಮೀಟರಿಗೊಂದರಂತೆ ಒಂದಡಿ ಅಗಲದ ಗಂಡಿ ಕೊರೆದು ಚರಂಡಿಗೆ ದಾರಿ ಮಾಡಿದರೆ ತಾತ್ಕಾಲಿಕವಾಗಿ ನೀರು ಇಳಿಯುತ್ತದೆ. ಪೂರ್ತಿ ಕೆಲಸ ಎಂದರೆ ಆ ಮಣ್ಣನ್ನು ಕೆರೆದು, ಅಂಚು ಡಾಂಬರಿಗಿಂತ ಹೆಚ್ಚು ಇಳಿಜಾರಾಗಿ ಹೊರಕ್ಕೆ ವಾಲುವಂತೆ ಮಾಡುವುದು. ಮಣ್ಣಿನ ಅಂಚಿಗೆ ಕನಿಷ್ಠ ಶೇ 3 ಇಳಿಜಾರು ಬೇಕು, ಅಂದರೆ ಮೀಟರಿಗೆ 3 ಸೆಂಟಿಮೀಟರ್.

ಎರಡನೆಯದು ಇದರ ತಿರುವುಮುರುವು, ಅಂಚು ಕುಸಿದು ಡಾಂಬರು ಮೆಟ್ಟಿಲಿನಂತೆ ಎದ್ದು ನಿಂತಿರುವುದು. ಹಳೇ ಡಾಂಬರಿನ ಮೇಲೆ ಹೊಸ ಪದರ ಹಾಕಿ ಪಕ್ಕಕ್ಕೆ ಮಣ್ಣು ತುಂಬದೆ ಹೋದರೆ ಹೀಗಾಗುತ್ತದೆ. 5 ಸೆಂಟಿಮೀಟರ್ ಮೆಟ್ಟಿಲೂ ಬೈಕಿಗೆ ಅಪಾಯ. ಚಕ್ರ ಕೆಳಗಿಳಿದ ಮೇಲೆ ಸವಾರ ಹ್ಯಾಂಡಲ್ ತಿರುಗಿಸಿ ಮೇಲೇರಲು ನೋಡುತ್ತಾನೆ. ಟೈರಿನ ಪಕ್ಕ ಡಾಂಬರಿಗೆ ಉಜ್ಜುತ್ತದೆ, ಹತ್ತುವುದಿಲ್ಲ. ಹ್ಯಾಂಡಲ್ ಇನ್ನೂ ತಿರುಗುತ್ತದೆ. ಹತ್ತಿದಾಗ ಗಾಡಿ ಒಮ್ಮೆಗೇ ಅಡ್ಡಕ್ಕೆ ಜಿಗಿದು ಎದುರಿನ ಪಥಕ್ಕೆ ಬೀಳುತ್ತದೆ. (ಸವಾರರಿಗೊಂದು ಮಾತು: ಇಳಿದರೆ ಹತ್ತಲು ಆತುರಪಡಬೇಡಿ. ವೇಗ ತಗ್ಗಿಸಿ, ನಿಂತು, ಹಿಂದೆ ನೋಡಿ ಹತ್ತಿ.) ಇಂಥ ಅಂಚಿಗೆ ಗ್ರಾವೆಲ್ ಮಣ್ಣು ಬೇಕು. 100 ಮೀಟರ್ ಉದ್ದ, 1.5 ಮೀಟರ್ ಅಗಲ, 10 ಸೆಂಟಿಮೀಟರ್ ಆಳಕ್ಕೆ 15 ಘನ ಮೀಟರ್ ಅಡಕ ಮಣ್ಣು. ಸಡಿಲ ಮಣ್ಣು ಕಾಲುಭಾಗ ಹೆಚ್ಚು ಬೇಕಾಗುವುದರಿಂದ ಸುಮಾರು 19 ಘನ ಮೀಟರ್, ಟ್ರಾಕ್ಟರ್ ಟ್ರೇಲರಿನ ಲೆಕ್ಕದಲ್ಲಿ ಏಳೆಂಟು ಲೋಡು. ನೀರು ಚಿಮುಕಿಸಿ ರೋಲರ್ ಓಡಿಸದೆ ಸುರಿದು ಹೋದರೆ ಮೊದಲ ಮಳೆಗೇ ಅದು ಚರಂಡಿ ಸೇರುತ್ತದೆ. ಹೊಲದ ಎರೆಮಣ್ಣು, ಕೆರೆಗೋಡು ತುಂಬಬೇಡಿ, ನೆಂದರೆ ಕೆಸರು.

ಮೂರನೆಯದು ಮೋರಿ ಕಟ್ಟಿಕೊಂಡಿರುವುದು. ರಸ್ತೆಗೆ ಅಡ್ಡಲಾಗಿ ಹಾಕಿದ ಮೋರಿಯ ಎರಡೂ ಬಾಯಿ ನೋಡಿ. ಒಂದು ಬಾಯಲ್ಲಿ ನಿಂತು ಇನ್ನೊಂದರ ಬೆಳಕು ಕಾಣದಿದ್ದರೆ ಒಳಗೆ ಕಟ್ಟಿದೆ. ಮೇ ತಿಂಗಳಲ್ಲೇ ತೆಗೆಸಬೇಕು, ಜುಲೈನಲ್ಲಿ ಒಳಗೆ ಹಾವು, ನೀರು ಎರಡೂ ಇರುತ್ತವೆ. ನೀರು ಒಳಹೋಗುವ ಕಡೆ ಬಾಳೆದಿಂಡು, ಪ್ಲಾಸ್ಟಿಕ್ಕು, ತೆಂಗಿನ ಮಟ್ಟೆ ಸಿಕ್ಕಿಕೊಳ್ಳುವುದೇ ಹೆಚ್ಚು. ನೀರು ಹೊರಬೀಳುವ ಕಡೆ ನೆಲ ಕೊರೆದು ಗುಂಡಿ ಆಗಿದೆಯೇ ಅದನ್ನೂ ನೋಡಿ. ಆ ಕೊರೆತ ಹಿಂದಕ್ಕೆ ತಿಂದುಕೊಂಡು ಬಂದು ಒಂದು ರಾತ್ರಿ ರಸ್ತೆಯನ್ನೇ ಕುಸಿಯಿಸುತ್ತದೆ.

ನಾಲ್ಕನೆಯದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ: ಮನೆ, ಹೋಟೆಲು, ಸರ್ವಿಸ್ ಸ್ಟೇಷನ್ನಿನ ನೀರು. ಮಳೆ ವರ್ಷಕ್ಕೆ ಕೆಲವು ತಿಂಗಳು, ಪಾತ್ರೆ ತೊಳೆದ ನೀರು 365 ದಿನ. ಡಾಂಬರಿನ ಅಂಚಿನಲ್ಲಿ ದಿನಾ ಒಂದೇ ಜಾಗಕ್ಕೆ ಬೀಳುವ ನಾಲ್ಕು ಬಕೆಟ್ ನೀರು ಒಂದು ಮುಂಗಾರಿಗಿಂತ ಹೆಚ್ಚು ಹಾಳು ಮಾಡುತ್ತದೆ, ಅಡಿಯ ಜಲ್ಲಿ ಪದರಕ್ಕೆ ಒಣಗುವ ಸಮಯವೇ ಸಿಗುವುದಿಲ್ಲವಾದ್ದರಿಂದ. ಲಾರಿ ಚಕ್ರ ಹಾಯ್ದಾಗಲೆಲ್ಲ ಒತ್ತಡಕ್ಕೆ ನೀರು ಬಿರುಕಿನಿಂದ ಮೇಲಕ್ಕೆ ಚಿಮ್ಮುತ್ತದೆ, ಜತೆಗೆ ಸಣ್ಣ ಮಣ್ಣನ್ನೂ ತರುತ್ತದೆ. ಬಿರುಕಿನ ಸುತ್ತ ಬಿಳಿಚಿದ ಕೆಸರು ಕಂಡರೆ ಅಡಿಪಾಯ ಟೊಳ್ಳಾಗುತ್ತಿದೆ ಎಂದೇ ಲೆಕ್ಕ. ಬಚ್ಚಲು ನೀರನ್ನು ಇಂಗುಗುಂಡಿಗೆ ಬಿಡಿ, ಇಲ್ಲವೇ ಚರಂಡಿಯ ತಳಕ್ಕೆ ಪೈಪು ಹಾಕಿ ಬಿಡಿ.

ಹೆದ್ದಾರಿ ಕೆರೆ ಏರಿಯ ಮೇಲೆ ಹೋಗಿದ್ದರೆ ಇನ್ನಷ್ಟು ಎಚ್ಚರ. ರಸ್ತೆಯ ಉದ್ದಕ್ಕೆ, ಅಂಚಿಗೆ ಸಮನಾಗಿ ಬಿದ್ದ ಬಿರುಕು ಏರಿ ಜರುಗುತ್ತಿರುವ ಗುರುತು. ಅದಕ್ಕೆ ತೇಪೆ ಹಾಕಿಸಿ ಸುಮ್ಮನಾಗಬೇಡಿ, ಅಂದೇ ತಹಶೀಲ್ದಾರರಿಗೂ ತಿಳಿಸಿ. ಕೋಡಿ ಬಿದ್ದು ರಸ್ತೆ ಮೇಲೆ ನೀರು ಹರಿಯುವಾಗ ದಾಟಬಾರದು ಎಂದು ಎಲ್ಲರಿಗೂ ಗೊತ್ತು, ಆದರೂ ಪ್ರತಿ ವರ್ಷ ದಾಟುತ್ತಾರೆ. ಮೊಣಕಾಲುದ್ದ ಹರಿವ ನೀರು ಬೈಕನ್ನು ಎಳೆದೊಯ್ಯುತ್ತದೆ.

ಮನೆ ಮುಂದಿನ ಚರಂಡಿಗೆ ದಾರಿ

ಅಂಗಡಿಗೋ ಹೊಲಕ್ಕೋ ಗಾಡಿ ಇಳಿಸಲು ಚರಂಡಿ ದಾಟಬೇಕು. ಅದಕ್ಕೆ ಎರಡು ಲೋಡು ಮಣ್ಣು ಸುರಿದು ಸಪಾಟು ಮಾಡುವುದು ಊರೂರಲ್ಲಿ ನಡೆಯುವ ತಪ್ಪು. ಮೇಲಿನ ಹತ್ತು ಮನೆಗಳ ನೀರು ಅಲ್ಲಿ ನಿಂತು ರಸ್ತೆಗೆ ಹತ್ತುತ್ತದೆ. ಅದಕ್ಕಿಂತ ಸ್ವಲ್ಪ ಬುದ್ಧಿವಂತರು ಒಂದಡಿ ವ್ಯಾಸದ ಸಿಮೆಂಟ್ ಪೈಪು ಹಾಕಿ ಮೇಲೆ ಮಣ್ಣು ಮುಚ್ಚುತ್ತಾರೆ. ಎರಡು ಮಳೆಗಾಲಕ್ಕೆ ಅದು ಕಟ್ಟಿಕೊಳ್ಳುತ್ತದೆ, ಒಳಗೆ ಕೈ ಹೋಗುವುದಿಲ್ಲ, ಗುದ್ದಲಿಯೂ ಹೋಗುವುದಿಲ್ಲ.

ಪೈಪೇ ಬೇಕೆಂದರೆ 600 ಮಿ.ಮೀ.ಗಿಂತ ಕಿರಿದು ಬೇಡ, ಚರಂಡಿಯ ತಳದ ಮಟ್ಟಕ್ಕೇ ಕೂರಿಸಿ. ನಮ್ಮ ಅಭಿಪ್ರಾಯದಲ್ಲಿ ಪೈಪಿಗಿಂತ ಎತ್ತಿ ತೆಗೆಯಬಹುದಾದ ಕಾಂಕ್ರೀಟ್ ಚಪ್ಪಡಿ ಮೇಲು. ಜನ, ಬೈಕು ಓಡಾಡಲು 90 ಸೆಂ.ಮೀ. ಉದ್ದ, 45 ಅಗಲ, 10 ದಪ್ಪದ ಚಪ್ಪಡಿ ಎಂದರೆ ಸುಮಾರು 100 ಕಿಲೋ. ನಾಲ್ಕು ಜನ ಹಾರೆ ಹಾಕಿ ಎತ್ತಬಹುದು. ಎರಡೂ ತುದಿಗೆ ಕಬ್ಬಿಣದ ಬಳೆ ಬಿಡಿಸಿಕೊಳ್ಳಿ. ಟ್ರಾಕ್ಟರ್, ಲಾರಿ ಹಾಯುವ ಜಾಗಕ್ಕೆ ಈ ದಪ್ಪ ಸಾಲದು, ಕಂಬಿಯ ಲೆಕ್ಕವನ್ನು ಎಂಜಿನಿಯರಿಂದ ಹಾಕಿಸಿ. ದಾರಿಯ ಇಳಿಜಾರು ರಸ್ತೆಯಿಂದ ಹೊರಕ್ಕೆ ಇರಲಿ. ಒಳಕ್ಕೆ ಇದ್ದರೆ ನಿಮ್ಮ ಅಂಗಳದ ನೀರು, ಕೆಸರು ಹೆದ್ದಾರಿಗೆ ಬಂದು ಬೈಕು ಜಾರುತ್ತದೆ.

ಈ ಕೆಲಸಕ್ಕೆಲ್ಲ ಇಲಾಖೆಯ ಉಪವಿಭಾಗದಿಂದ ಬರಹದಲ್ಲಿ ಅನುಮತಿ ಬೇಕು, ಚರಂಡಿ ಇರುವ ಜಾಗ ಹೆದ್ದಾರಿಯದ್ದು. ಹೊಸ ಮನೆ, ಮಳಿಗೆ ಕಟ್ಟುವವರು ಇನ್ನೊಂದು ಲೆಕ್ಕ ತಿಳಿದಿರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಲ್ಲಿ ಬಯಲು ಸೀಮೆಯ ರಾಜ್ಯ ಹೆದ್ದಾರಿಗೆ ಊರ ಹೊರಗೆ ಸಾಮಾನ್ಯ ಜಾಗ 45 ಮೀಟರ್, ಕಟ್ಟಡದ ಗೆರೆ ರಸ್ತೆಯ ನಡುವಿನಿಂದ ಎರಡೂ ಕಡೆ 40 ಮೀಟರ್. ಪಾಯ ತೆಗೆಯುವ ಮುಂಚೆ ನಿಮ್ಮ ಸರ್ವೆ ನಂಬರಿಗೆ ಅನ್ವಯಿಸುವ ಗೆರೆಯನ್ನು ಇಲಾಖೆಯಿಂದ ಬರಹದಲ್ಲಿ ಪಡೆಯಿರಿ. ಪಹಣಿಯಲ್ಲಿ "ಬಿ ಖರಾಬು" ಎಂದು ಕಳೆದಿರುವ ಗುಂಟೆಗಳು ರಸ್ತೆ, ಹಳ್ಳದಂಥ ಸಾರ್ವಜನಿಕ ಜಾಗ. ಗಡಿ ಅನುಮಾನವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಕಲ್ಲು ನೆಡಿಸಿಕೊಳ್ಳಿ. ನಾಳೆ ರಸ್ತೆ ಅಗಲವಾದಾಗ ಪರಿಹಾರದ ಮಾತು ಬರುವುದು ಈ ಕಲ್ಲಿನ ಮೇಲೆಯೇ.

ಗುಂಡಿ ಮುಚ್ಚುವಾಗ ನಿಂತು ನೋಡಿ

ತೇಪೆ ಹಾಕಲು ಗ್ಯಾಂಗು ಬಂದಾಗ ಒಬ್ಬರಾದರೂ ಜತೆಗಿರಿ. ಜಗಳಕ್ಕಲ್ಲ. ನೋಡುವ ಕಣ್ಣಿದ್ದರೆ ಕೆಲಸದ ರೀತಿಯೇ ಬೇರೆಯಾಗುತ್ತದೆ.

ಸರಿಯಾದ ಕ್ರಮ ಹೀಗೆ. ಗುಂಡಿಯ ಸುತ್ತ ಸಡಿಲವಾದ ಡಾಂಬರನ್ನೆಲ್ಲ ಕತ್ತರಿಸಿ ಚೌಕ ಮಾಡಬೇಕು, ಗೋಡೆ ನೇರ ಇರಬೇಕು, ಬಟ್ಟಲಿನಂತೆ ಇಳಿಜಾರಾಗಬಾರದು. ಗಟ್ಟಿ ತಳ ಸಿಗುವ ತನಕ ಅಗೆದು ನೀರು, ಧೂಳು ಗುಡಿಸಬೇಕು. ತಳ ಜಲ್ಲಿಯಾದರೆ ಅದನ್ನು ಮೊದಲು ಅಡಕ ಮಾಡಬೇಕು. ಆಮೇಲೆ ತಳಕ್ಕೂ ಗೋಡೆಗೂ ಎಮಲ್ಷನ್ (ನೀರಿನಲ್ಲಿ ಕದಡಿದ ಡಾಂಬರು) ಬಳಿಯಬೇಕು, ಚದರ ಮೀಟರಿಗೆ ಸುಮಾರು ಕಾಲು ಕಿಲೋ. ಬಳಿದಾಗ ಕಂದು ಬಣ್ಣ, ನೀರು ಆರಿದಂತೆ ಕಪ್ಪಾಗುತ್ತದೆ. ಕಪ್ಪಾದ ಮೇಲೆಯೇ ಮಿಶ್ರಣ ಹಾಕಬೇಕು. ಆಳ 7.5 ಸೆಂಟಿಮೀಟರ್ ಮೀರಿದರೆ ಎರಡು ಪದರ ಮಾಡಿ, ಒಂದೊಂದನ್ನೂ ಬೇರೆಯಾಗಿ ತುಳಿಸಬೇಕು. ಮುಗಿದಾಗ ತೇಪೆ ರಸ್ತೆಗಿಂತ ಅರ್ಧ ಸೆಂಟಿಮೀಟರಿನಷ್ಟು ಉಬ್ಬಿರಲಿ, ಗಾಡಿ ಓಡಿ ಅದು ಕೂರುತ್ತದೆ.

ಅಳತೆಗೆ ಒಂದು ಲೆಕ್ಕ: 1 ಮೀಟರ್ ಚೌಕದ, 7.5 ಸೆಂ.ಮೀ. ಆಳದ ಗುಂಡಿಗೆ ಸುಮಾರು 170 ಕಿಲೋ ಮಿಶ್ರಣ ಬೇಕು, ಅಂದರೆ ಎಂಟು ಹತ್ತು ಬಾಂಡ್ಲಿ. ಮೂರು ಬಾಂಡ್ಲಿಯಲ್ಲಿ ಮುಗಿದರೆ ಮೇಲೆ ಕಪ್ಪು, ಕೆಳಗೆ ಬರೀ ಮಣ್ಣು.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಗುಂಡಿ ಕತ್ತರಿಸದೆ ತುಂಬಿದರೆ ಅಂಚು ತೆಳ್ಳಗಾಗಿ ಒಂದು ವಾರಕ್ಕೆ ಸಿಪ್ಪೆ ಏಳುತ್ತದೆ. ಒದ್ದೆ ತಳಕ್ಕೆ ಬಿಸಿ ಮಿಶ್ರಣ ಹಾಕಿದರೆ ಅಂಟುವುದಿಲ್ಲ, ಮಳೆಗಾಲದಲ್ಲಿ ಅದಕ್ಕೆಂದೇ ಬರುವ ಕೋಲ್ಡ್ ಮಿಕ್ಸ್ ಬಳಸಬೇಕು. ದೂರದ ಪ್ಲಾಂಟಿನಿಂದ ಟಾರ್ಪಾಲಿನ್ ಮುಚ್ಚದೆ ತಂದ ಮಿಶ್ರಣ ಆರಿ ಗಟ್ಟಿಯಾಗಿರುತ್ತದೆ. ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರಾದರೆ ಹರಡುವಾಗ 140 ಡಿಗ್ರಿ, ರೋಲರ್ ಓಡುವಾಗ 90 ಡಿಗ್ರಿಗೆ ಕಡಿಮೆ ಇರಕೂಡದು. ಗುದ್ದಲಿಯಿಂದ ಎಳೆದಾಗ ಮುದ್ದೆ ಮುದ್ದೆಯಾಗಿ ಒಡೆಯುತ್ತಿದ್ದರೆ ಆ ಲೋಡು ಆರಿಹೋಗಿದೆ.

ಹೊಸದಾಗಿ ಡಾಂಬರೀಕರಣ ಆಗಿರುವ ರಸ್ತೆಯಾದರೆ ಕಾಮಗಾರಿ ಬೋರ್ಡಿನ ಫೋಟೋ ಹಿಡಿದಿಟ್ಟುಕೊಳ್ಳಿ. ಗುತ್ತಿಗೆದಾರನ ಹೊಣೆಯ ಅವಧಿ ಅದರಲ್ಲಿ ಇರುತ್ತದೆ. ಆ ಅವಧಿಯಲ್ಲಿ ಬಿದ್ದ ಗುಂಡಿ ಅವನದೇ ಖರ್ಚು. ಬೋರ್ಡು ಆಮೇಲೆ ಕಾಣೆಯಾಗುವುದೂ ಉಂಟು.

ಅರ್ಜಿ ಬರೆಯುವ ಬಗೆ

ಅರ್ಜಿ ಕೊಡಬೇಕಾದ್ದು ತಾಲ್ಲೂಕಿನ ಲೋಕೋಪಯೋಗಿ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್‌ಗೆ, ಅದರ ನಕಲು ವಿಭಾಗದ ಕಾರ್ಯಪಾಲಕ ಎಂಜಿನಿಯರ್‌ಗೆ. ಒಂದು ಅರ್ಜಿಗೆ ಒಂದೇ ವಿಷಯ. ಗುಂಡಿ, ಬಸ್ ಸ್ಟಾಪು, ಬೀದಿದೀಪ ಎಲ್ಲ ಒಂದರಲ್ಲಿ ಬರೆದರೆ ಯಾವುದೂ ಆಗುವುದಿಲ್ಲ. ಬೀದಿದೀಪ ಹೇಗೂ ಪಂಚಾಯಿತಿಯ ಪಾಲು. ಹೀಗಿರಲಿ:

"ರಾಜ್ಯ ಹೆದ್ದಾರಿ ಸಂಖ್ಯೆ … , ಕಿ.ಮೀ. … ರಿಂದ … ರವರೆಗೆ, … ಗ್ರಾಮದ ಶಾಲೆಯ ಎದುರು, … ಕಡೆಗೆ ಹೋಗುವಾಗ ಎಡಬದಿ. ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ 12 ಸೆಂ.ಮೀ. ಎತ್ತರದ ವ್ಯತ್ಯಾಸ, ಉದ್ದ 80 ಮೀ. ಮುಂದಿನ ಮೋರಿ ಕಟ್ಟಿಕೊಂಡಿರುವುದರಿಂದ ನೀರು ನಿಲ್ಲುತ್ತಿದೆ. ಮೋರಿ ತೆರವು ಮಾಡಿ ಗ್ರಾವೆಲ್ ತುಂಬಿಸಬೇಕೆಂದು ಕೋರಿಕೆ. ಟೇಪು ಹಿಡಿದು ತೆಗೆದ 3 ಫೋಟೋ ಲಗತ್ತಿಸಿದೆ."

ಇಷ್ಟೇ ಸಾಕು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅದಿಲ್ಲದಿದ್ದರೆ ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿಯಿಲ್ಲ. ಜತೆಗೆ ಜನಸ್ಪಂದನ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ತಿಂಗಳಾದರೂ ಸುದ್ದಿಯಿಲ್ಲವೆಂದರೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಆ ಕಿಲೋಮೀಟರಿನ ಕಾಮಗಾರಿಯ ಅಂದಾಜುಪಟ್ಟಿ, ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕದ ಪುಟಗಳು, ಹೊಣೆ ಅವಧಿ ಮುಗಿಯುವ ತಾರೀಖು ಕೇಳಿ. ಕಾಮಗಾರಿಯನ್ನು ಖುದ್ದು ಪರಿಶೀಲಿಸಿ ಮಾದರಿ ತೆಗೆದುಕೊಳ್ಳುವುದೂ ಅದೇ ಕಾಯ್ದೆಯ ಹಕ್ಕು.

ಪದೇ ಪದೇ ಅಪಘಾತವಾಗುವ ಜಾಗವನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಯ್ಯಿರಿ. ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿದ್ದರೆ ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸುವುದು ಕೇಂದ್ರ ಸಾರಿಗೆ ಸಚಿವಾಲಯದ ಅಳತೆಗೋಲು. ಠಾಣೆಯ ಎಫ್‌ಐಆರ್ ಸಂಖ್ಯೆಗಳ ಪಟ್ಟಿ ಜತೆಗಿರಲಿ. ಮೋಟಾರು ವಾಹನ ಕಾಯ್ದೆಯ 198ಎ ಪ್ರಕಾರ ಸುರಕ್ಷತಾ ಮಾನದಂಡ ಮೀರಿ ರಸ್ತೆ ಕಟ್ಟಿದ, ನಿರ್ವಹಿಸದೆ ಬಿಟ್ಟ ಸಂಸ್ಥೆಗೂ ಗುತ್ತಿಗೆದಾರನಿಗೂ 1 ಲಕ್ಷ ರೂ.ವರೆಗೆ ದಂಡವಿದೆ.

ರಾತ್ರೋರಾತ್ರಿ ಹಂಪು ಬೇಡ

ಅಪಘಾತವಾದ ಮಾರನೇ ದಿನ ಸಿಟ್ಟಿನಲ್ಲಿ ಸಿಮೆಂಟು, ಜಲ್ಲಿ ತಂದು ಹಂಪು ಕಟ್ಟುವುದುಂಟು. ಆ ಸಂಕಟ ಅರ್ಥವಾಗುವಂಥದ್ದೇ. ಆದರೆ ಬಣ್ಣವಿಲ್ಲದ, ಮಡಿಕೆ ಬೋರಲು ಹಾಕಿದಂಥ ಆ ದಿಬ್ಬದ ಮೇಲೆ ರಾತ್ರಿ ಮೊದಲು ಬೀಳುವವರು ಊರಿನವರೇ, ಅದರಲ್ಲೂ ಬೈಕಿನ ಹಿಂದೆ ಒಂದು ಕಡೆ ಕಾಲು ಹಾಕಿ ಕೂತ ಹೆಂಗಸರು. ಇನ್ನೊಂದು: ಹಂಪು ನೀರಿಗೆ ಅಣೆಕಟ್ಟು. ಅದರ ಮೇಲ್ಬದಿಯಲ್ಲಿ ನೀರು ನಿಂತು ಆರೇ ತಿಂಗಳಿಗೆ ಹಂಪಿನ ಮುಂದೊಂದು ಗುಂಡಿ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ:99 ಮಾನದಂಡದ ಹಂಪು ಉದ್ದಕ್ಕೆ 3.7 ಮೀಟರ್, ನಡುವಿನಲ್ಲಿ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮವಾಗಿ ದಾಟಬಹುದು. ಪರೀಕ್ಷೆ ಸುಲಭ. ನಡುವಿನಿಂದ 92 ಸೆಂ.ಮೀ. ಆಚೆಗೆ ಎತ್ತರ ಏಳೂವರೆ ಸೆಂಟಿಮೀಟರ್ ಇರಬೇಕು. ಮೂರು ನಾಲ್ಕು ಇದ್ದರೆ ಅದು ಕಮಾನಲ್ಲ, ಕೋಡುಗಲ್ಲು. ಎರಡೂ ಅಂಚಿನಲ್ಲಿ ನೀರು ಹಾಯಲು ಜಾಗ, 40 ಮೀಟರ್ ಮುಂಚೆ ಫಲಕ, ಹೊಳೆಯುವ ಬಿಳಿ ಬಣ್ಣ, ಎಲ್ಲವೂ ಬೇಕು.

ಎಲ್ಲಿ ಹಾಕಬೇಕು ಎಂಬುದು ಇನ್ನೂ ಮುಖ್ಯ. ಹೆದ್ದಾರಿಗೆ ಬಂದು ಸೇರುವ ಊರಿನ ಅಡ್ಡರಸ್ತೆಯ ಮೇಲೆ, ಸೇರುವ ಮುಂಚೆ. ಒಮ್ಮೆಗೇ ನುಗ್ಗಿ ಬರುವ ಬೈಕು, ಟ್ರಾಕ್ಟರನ್ನು ಅಲ್ಲಿ ನಿಧಾನಿಸಿದರೆ ಅರ್ಧ ಅಪಾಯ ಕಳೆಯಿತು. ಹೆದ್ದಾರಿಯ ಮೇಲೆ ಶಾಲೆ ಎದುರು ವೇಗ ತಗ್ಗಬೇಕೆಂದರೆ ಸಾಲಾಗಿ ಹಾಕುವ ರಂಬಲ್ ಪಟ್ಟಿ, ಫಲಕ, ಜೀಬ್ರಾ ಪಟ್ಟಿ, ಮಿನುಗುವ ಹಳದಿ ದೀಪ ಕೇಳಿ. ಬಸ್ ಸ್ಟಾಪುಗಳು ಎದುರುಬದುರು ಬೇಡ. ಬಸ್ಸಿನ ಮುಂದಿನಿಂದ ದಾಟುವವರು ಹಿಂದಿನ ಗಾಡಿಗೆ ಕಾಣುವುದಿಲ್ಲ. ಎರಡು ಬಸ್ಸುಗಳ ಬೆನ್ನು ಬೆನ್ನಿನ ಕಡೆ ದಾಟುವಂತೆ ಸ್ಟಾಪುಗಳು ಸ್ವಲ್ಪ ಅಂತರದಲ್ಲಿರಲಿ.

ನೀರಿನ ಪೈಪಿಗೆ ರಸ್ತೆ ಕತ್ತರಿಸುವುದಾದರೂ ಅನುಮತಿ, ಠೇವಣಿ ಕಟ್ಟಿಯೇ. ಇರುವ ಮೋರಿಯ ಪಕ್ಕದಲ್ಲೋ ರಸ್ತೆಯಡಿ ತೂರಿಸಿಯೋ ಒಯ್ಯಲು ಆಗುತ್ತದೆಯೇ ಮೊದಲು ನೋಡಿ. ಕತ್ತರಿಸಿದರೆ ನೇರ ಅಡ್ಡಕ್ಕೆ, ತುಂಬುವಾಗ 15 ಸೆಂಟಿಮೀಟರಿನ ಪದರ ಪದರವಾಗಿ ನೀರು ಹಾಕಿ ತುಳಿಸಿ. ಅಗೆದ ಮಣ್ಣನ್ನೇ ಜೆಸಿಬಿಯಿಂದ ಎಳೆದು ಮುಚ್ಚಿದರೆ ಮೊದಲ ಮಳೆಗೆ ಅಡ್ಡಗುಣಿ ಬಿದ್ದು ಬಸ್ಸಿನ ಪಟ್ಟಿ ಮುರಿಯುತ್ತದೆ.

ರಸ್ತೆ ಮೇಲಿನ ಒಕ್ಕಣೆ

ಡಿಸೆಂಬರಿನಿಂದ ಫೆಬ್ರವರಿಯವರೆಗೆ ರಾಗಿ, ಹುರುಳಿ ಹೆದ್ದಾರಿಗೆ ಬರುತ್ತವೆ. ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ, ಲಾರಿ ಚಕ್ರ ಪುಕ್ಕಟೆ. ಕಾರಣ ಸುಳ್ಳಲ್ಲ. ಆದರೂ ಲೆಕ್ಕ ಹಾಕಿ ನೋಡಿ. ರಸ್ತೆಯಲ್ಲಿ ಒಕ್ಕಿದ ರಾಗಿಗೆ ಸಣ್ಣ ಜಲ್ಲಿ, ಟೈರಿನ ಪುಡಿ ಸೇರುತ್ತದೆ. ಖರೀದಿ ಕೇಂದ್ರದಲ್ಲಿ ಕಲ್ಲುಮಣ್ಣು ನೋಡಿಯೇ ತೂಕಕ್ಕೆ ಇಡುವುದು. ಹುಲ್ಲಿಗೆ ಆಯಿಲು ತಾಗಿದರೆ ದನ ಮೂಸಿ ಬಿಡುತ್ತದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ 5,000 ರೂ.ವರೆಗೆ ದಂಡ ಬೇರೆ, ಬೈಕಿನವನು ಜಾರಿ ಸತ್ತರೆ ಮಾತು ದಂಡಕ್ಕೆ ನಿಲ್ಲುವುದಿಲ್ಲ.

ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಒಕ್ಕಣೆ ಯಂತ್ರ ಬಾಡಿಗೆಗೆ ಕೇಳಿ, ನಾಲ್ಕು ಮನೆಯವರು ಒಂದೇ ದಿನಕ್ಕೆ ಗೊತ್ತು ಮಾಡಿಕೊಂಡರೆ ಗಂಟೆ ಬಾಡಿಗೆ ಹಗುರ. ಕಣವನ್ನೇ ಮಾಡುವುದಾದರೆ ಕಳೆ ಕೆರೆದು, ನೀರು ಹಾಕಿ, ಅರೆ ಒಣಗಿದಾಗ ಗುಂಡುಕಲ್ಲು ಉರುಳಿಸಿ, ಎರಡು ಸಲ ಸಗಣಿ ಬಗ್ಗಡ ಸಾರಿಸಿ ಒಣಗಿಸಿ. ಒಂದೇ ಸಲ ದಪ್ಪಗೆ ಸಾರಿಸಿದರೆ ಬಿರುಕು ಬಿಟ್ಟು ರಾಗಿ ಒಳಗೆ ಸೇರುತ್ತದೆ.

ಗಾಡಿ ಓಡಿಸುವವರಿಗೆ: ಕಾಳು ಉದುರಿದ ಡಾಂಬರು ಗೋಲಿ ಹರಡಿದಂತೆ. ಬೈಕಿನಲ್ಲಿ ಹುಲ್ಲು ಮುಟ್ಟುವ ಮುಂಚೆಯೇ ವೇಗ ಇಳಿಸಿ, ಮೇಲೆ ಹೋದ ಮೇಲೆ ಮುಂದಿನ ಬ್ರೇಕು ಮುಟ್ಟಬೇಡಿ, ನೇರ ಹೋಗಿ. ಕಾರಿಗೆ ರಾಗಿಗಿಂತ ಹುರುಳಿ ಕೆಟ್ಟದ್ದು. ಹುರುಳಿ ಬಳ್ಳಿ ಆಕ್ಸಲ್‌ಗೆ ಹಗ್ಗದಂತೆ ಸುತ್ತಿಕೊಂಡು ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಬಿಎಸ್-6 ಡೀಸೆಲ್ ಗಾಡಿಯ ಫಿಲ್ಟರು ತನ್ನೊಳಗಿನ ಮಸಿ ಸುಡಲು ಆಗಾಗ ವಿಪರೀತ ಬಿಸಿಯಾಗುವುದರಿಂದ ಅಪಾಯ ಇನ್ನೂ ಹೆಚ್ಚು. ದಪ್ಪನೆಯ ರಾಶಿ ಕಂಡರೆ ನಿಲ್ಲಿಸಿ, ಸರಿಸಲು ಹೇಳಿ. ದಾಟಿದ ಮೇಲೆ ನೂರಿನ್ನೂರು ಮೀಟರ್ ಮುಂದೆ, ಒಣಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಸಿಕ್ಕಿಕೊಂಡ ಬಳ್ಳಿಯನ್ನು ಕಡ್ಡಿಯಿಂದ ಎಳೆಯಿರಿ, ಕೈ ಹಾಕಬೇಡಿ. ಹೊಗೆ ಬಂದರೆ ಎಂಜಿನ್ ಆರಿಸಿ ಎಲ್ಲರೂ ಇಳಿಯಿರಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕರೆ ಉರಿ ಭಗ್ಗೆನ್ನುತ್ತದೆ. ರಸ್ತೆ ಬದಿಯ ಮಣ್ಣು ಎರಚುವುದು ಕೈಗೆ ಸಿಗುವ ಮೊದಲ ಉಪಾಯ.

ಅಪಘಾತವಾದಾಗ

112 ಅಥವಾ 108ಕ್ಕೆ ಕರೆ ಮಾಡಿ ಹೆದ್ದಾರಿ ಸಂಖ್ಯೆ, ಕಿಲೋಮೀಟರ್ ಕಲ್ಲು, ಯಾವ ಊರಿನಿಂದ ಯಾವ ಊರಿಗೆ ಹೋಗುವ ಬದಿ ಎಂದು ಹೇಳಿ. ಇಬ್ಬರನ್ನು ಎರಡೂ ಕಡೆ ನೂರು ಮೀಟರ್ ದೂರಕ್ಕೆ ಕಳಿಸಿ ಗಾಡಿ ನಿಧಾನ ಮಾಡಿಸಿ, ರಾತ್ರಿಯಾದರೆ ಫೋನಿನ ದೀಪ ಹಿಡಿದು. ಎರಡನೇ ಅಪಘಾತ ಆಗುವುದು ಗುಂಪು ಸೇರಿದ ಮೇಲೆಯೇ. ಸುರಿಯುವ ರಕ್ತವನ್ನು ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕತ್ತು ನೋವು ಎನ್ನುವವರನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ.

ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ರಕ್ಷಣೆ ಇದೆ. ಆಸ್ಪತ್ರೆಗೆ ಸೇರಿಸಿ ಹೆಸರು ಹೇಳದೆಯೂ ಹೊರಡಬಹುದು. ಪೊಲೀಸರಿಗೆ ಮಾಹಿತಿ ಹೋಗಿರಲಿ, 2025ರ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಅಪಘಾತವಾದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂ. ತನಕ ಚಿಕಿತ್ಸೆ ಸಿಗಲು ಅದು ಬೇಕು. ಗುದ್ದಿದ ಗಾಡಿ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಪರಿಹಾರವಿದೆ. ಅರ್ಜಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಗೆ. ಜತೆಗೆ ಎಫ್‌ಐಆರ್ ಪ್ರತಿ, ಆಸ್ಪತ್ರೆ ಅಥವಾ ಮರಣೋತ್ತರ ವರದಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇಡಿ.